ಒಬ್ಬರು ಕೇಳಿದರೆ ಸಾಕು

ಕಳೆದ ವರ್ಷ ಮೇ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ, ಬೆಳುವಾಯಿಯಿಂದ ಎರಡು ಕಾರುಗಳಲ್ಲಿ ಹೊರಟ ನಮ್ಮ ನೆಂಟರು ವಾಮದಪದವಿನಲ್ಲಿ ಗುರುತು ಪರಿಚಯ ಇಲ್ಲದ ಮನೆಯೊಂದರ ಗೃಹಪ್ರವೇಶಕ್ಕೆ ಹೋಗಿ, ಉಡುಗೊರೆ ಕೊಟ್ಟು, ಊಟಕ್ಕೆ ಕುಳಿತರು. ಅವರು ಹೋಗಬೇಕಾಗಿದ್ದ ಮನೆ ಅದೇ ಪೇಟೆಯ ಇನ್ನೊಂದು ಬದಿಯಲ್ಲಿತ್ತು. ಅಲ್ಲಿಯೂ ಅಂದೇ ಗೃಹಪ್ರವೇಶ. ಅಲ್ಲಿ ನಾವು ಅವರಿಗಾಗಿ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಜಾಗ ಹಿಡಿದಿದ್ದೆವು.

ಈ ಘಟನೆಗೂ ಮರುದಿನ ಬೆಳಗ್ಗೆ ಮೂಡುಬಿದಿರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದದ್ದಕ್ಕೂ ಸಂಬಂಧ ಉಂಟು ಎಂದು ನಮ್ಮ ಭಾವ ಹೇಳುತ್ತಾರೆ. ಅಷ್ಟೇನೂ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಬ್ಬರ ಮಾತನ್ನೂ ಬರೆಯುತ್ತೇನೆ. ಮಾತುಕತೆ ನಡೆದದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಹೆಂಡತಿ ಆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ನಮ್ಮ ಮನೆ ಬಂಟ್ವಾಳದಲ್ಲಿ. ದಿನಾ ಬೆಳಗ್ಗೆ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ಆ ಬಸ್ ತಡವಾದರೆ ಕಂಡಕ್ಟರನನ್ನು ಕೇಳುವವಳು ಅವಳೇ. ಕೇಳಿ, ತಿರುಗಿ ನಿಂತು, ಇಡೀ ಬಸ್ಸಿಗೆ ಹೇಳುತ್ತಾಳೆ: "ಟಯರ್ ಅಂತೆ. ಹತ್ತು ನಿಮಿಷ ಅಂತೆ." ನಮ್ಮ ಕಡೆಯ ಮರ್ಯಾದೆಯೇ ಹಾಗೆ. ತಾಲೂಕು ಕಚೇರಿಯ ಸಾಲಿನಲ್ಲಿ ಎಲ್ಲರೂ ಕಿಟಕಿಗೆ ತಲೆ ಹಾಕುವುದಿಲ್ಲ. ಒಬ್ಬರು ಹೋಗಿ ಕೇಳಿ ಬರುತ್ತಾರೆ, "ಆಧಾರ್ ಜೆರಾಕ್ಸ್ ಬೇಕಂತೆ" ಎನ್ನುತ್ತಾರೆ, ಸಾಲಿಗೆ ಸಾಲೇ ಜೆರಾಕ್ಸ್ ಅಂಗಡಿಗೆ ಹೊರಡುತ್ತದೆ. ಯಾರಿಗೆ ಯಾವ ಕೆಲಸ ಆಗಬೇಕಾಗಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ಗುಮಾಸ್ತರಿಗೆ ತಲೆಬಿಸಿ ಮಾಡುವುದು ಒಳ್ಳೆಯದಲ್ಲ ಎಂಬುದು ಎಲ್ಲರ ಅಭಿಪ್ರಾಯ.

ಅವಳು ಕಾಲೇಜಿನಲ್ಲಿ ಹೊಸದೊಂದು ಐಚ್ಛಿಕ ವಿಷಯ ಶುರು ಮಾಡಿದ್ದಳು. ಒಂದು ದೊಡ್ಡ ಲೆಕ್ಕವನ್ನು ಹಲವು ಪ್ರಾಸೆಸ್‌ಗಳಿಗೆ ಹಂಚಿ, ಅವು ಒಂದಕ್ಕೊಂದು ಸಂದೇಶ ಕಳುಹಿಸಿಕೊಳ್ಳುತ್ತಾ ಒಟ್ಟಿಗೆ ಕೆಲಸ ಮುಗಿಸುವ ವಿದ್ಯೆ. ಪ್ರಾಸೆಸ್ ಎಂದರೆ ಓಡುತ್ತಿರುವ ಒಂದು ಪ್ರೋಗ್ರಾಮ್. ಒಂದೊಂದೂ ತನ್ನದೇ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತ ಕೆಲಸಗಾರ ಎಂದು ತಿಳಿಯಿರಿ ಎಂದು ಅವಳು ನನಗೆ ಹೇಳಿದ್ದಳು. ಒಬ್ಬನ ಕಪಾಟಿಗೆ ಇನ್ನೊಬ್ಬ ಕೈ ಹಾಕುವ ಹಾಗಿಲ್ಲ. ಬೇಕಾದದ್ದನ್ನು ಚೀಟಿ ಬರೆದು ಕಿಟಕಿಯಿಂದ ದಾಟಿಸಬೇಕು.

ಈ ವಿಷಯವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಕಡಿಮೆ. ಮೇ ತಿಂಗಳ ಆರಂಭದಲ್ಲಿ ವಿಭಾಗದ ಮುಖ್ಯಸ್ಥರು ಅವಳನ್ನು ಕರೆದು, ಲ್ಯಾಬಿನ ನಾಲ್ಕು ಯಂತ್ರಗಳ ಮೇಲೆ ಒಂದು ಪ್ರೋಗ್ರಾಮ್ ಓಡಿಸಿ ತೋರಿಸಬೇಕು, ಆಮೇಲೆ ಉಳಿಸುವುದೋ ಬಿಡುವುದೋ ನೋಡುವ ಎಂದರು. ತೋರಿಸಲು ಕೊಟ್ಟ ದಿನ ಆ ಭಾನುವಾರದ ಮರುದಿನ, ಸೋಮವಾರ. ವಿಷಯ ಹೋದರೆ ಅವಳು ಮೊದಲ ವರ್ಷದ ಮಕ್ಕಳಿಗೆ ಟೈಪಿಂಗ್ ಹೇಳಿಕೊಡುವ ಲ್ಯಾಬಿಗೆ ಮರಳಬೇಕಾಗಿತ್ತು. ಪಠ್ಯಕ್ರಮ ಬರೆದವಳು ಅವಳು. ಎರಡು ಬೇಸಿಗೆ ರಜೆ ಅದಕ್ಕೆ ಹೋಗಿತ್ತು. ಆ ದಿನಗಳಲ್ಲಿ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಪ್ರೋಗ್ರಾಮಿಗೆ ಅವಳು ಆರಿಸಿಕೊಂಡದ್ದು ಅಡಿಕೆ ಒಣಗಿಸುವ ಅಂಗಳ. ಅಂಗಳವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದೊಂದು ಪಟ್ಟಿಯನ್ನು ಒಂದೊಂದು ಪ್ರಾಸೆಸ್‌ಗೆ ಕೊಡುವುದು. ಅವು ಬಿಸಿಲಿನ ಶಾಖ ಹೇಗೆ ಹರಡುತ್ತದೆ, ಅಡಿಕೆಯ ತೇವ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ಪಟ್ಟಿಯ ಅಂಚಿನ ವಿವರವನ್ನು ನೆರೆಯವರಿಗೆ ಹೇಳುತ್ತಾ ಹೋಗಬೇಕು. ಒಂದು ಚೀಟಿಯಲ್ಲಿ ಶಾಖ, ತೇವ, ಅಡಿಕೆಯ ಜಾತಿ ಎಲ್ಲವೂ ಹೋಗಬೇಕು. ಈ ಮೂರೂ ಮೆಮೊರಿಯಲ್ಲಿ ಬೇರೆ ಬೇರೆ ಕಡೆ ಕುಳಿತಿರುತ್ತವೆ. ಎಲ್ಲಿ ಕುಳಿತಿವೆ ಎಂದು ಕೇಳಿದರೆ ಹೇಳುವ ಒಂದು ಸೌಲಭ್ಯ ಆ ವ್ಯವಸ್ಥೆಯಲ್ಲಿ ಉಂಟು. ಕೇಳಿದ ಕೂಡಲೇ ಒಂದು ಉದ್ದದ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯೇ ಮೆಮೊರಿ ಅಡ್ರೆಸ್.

ಅವಳ ಪ್ರೋಗ್ರಾಮಿನಲ್ಲಿ ಮೊದಲನೇ ಪ್ರಾಸೆಸ್ ಈ ಅಡ್ರೆಸ್‌ಗಳನ್ನು ಕೇಳಿ ತಿಳಿದುಕೊಂಡು ಉಳಿದ ಎಲ್ಲರಿಗೂ ಹಂಚುತ್ತಿತ್ತು. ಎಲ್ಲರೂ ಕೇಳುವುದು ಯಾಕೆ, ಒಬ್ಬರು ಕೇಳಿದರೆ ಸಾಕಲ್ಲ?

ಮನೆಯಲ್ಲಿ, ಅವಳ ಲ್ಯಾಪ್‌ಟಾಪಿನಲ್ಲಿ, ನಾಲ್ಕು ಪ್ರಾಸೆಸ್‌ಗಳೂ ಬಂಗಾರದಂತೆ ಓಡುತ್ತಿದ್ದವು. ಅಂಗಳ ಪರದೆಯ ಮೇಲೆ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುವುದನ್ನು ನಾನೇ ನೋಡಿದ್ದೇನೆ. ಶುಕ್ರವಾರ ಲ್ಯಾಬಿಗೆ ಒಯ್ದು ಓಡಿಸಿದರೆ ಶುರುವಾದ ಕೂಡಲೇ ಸತ್ತಿತು. ಪರದೆಯ ಮೇಲೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ಬಂತು. ತನ್ನದಲ್ಲದ ಜಾಗಕ್ಕೆ ಕೈ ಹಾಕಿದವನನ್ನು ಕಂಪ್ಯೂಟರ್ ಹೊರಗೆ ಹಾಕುವಾಗ ಹೇಳುವ ಮಾತು ಅದು. ಒಬ್ಬ ಬಿದ್ದರೆ ಉಳಿದವರನ್ನೂ ನಿಲ್ಲಿಸುವುದು ಆ ವ್ಯವಸ್ಥೆಯ ಪದ್ಧತಿ. ಲ್ಯಾಬಿನವರು ಕೇಬಲ್ ಬದಲಿಸಿದರು, ಮತ್ತೆ ಸತ್ತಿತು. ಒಂದೇ ಯಂತ್ರದಲ್ಲಿ ಓಡಿಸಿದರು, ಆಗಲೂ ಸತ್ತಿತು. ಶನಿವಾರವೂ ಅದೇ. ಸಂಜೆ ಬಸ್ಸಿಳಿದು ಬಂದವಳು, "ಮನೆಯಲ್ಲಿ ಹುಲಿ, ಹೊರಗೆ ಇಲಿ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು.

ಮರುದಿನ ಅವಳ ಸೋದರಮಾವನ ಮಗಳ ಹೊಸ ಮನೆಯ ಗೃಹಪ್ರವೇಶ. ಹೋಗದಿದ್ದರೆ ಮುಂದಿನ ಹತ್ತು ಗೃಹಪ್ರವೇಶಗಳಲ್ಲಿ ಅದೇ ಮಾತು. ಲ್ಯಾಪ್‌ಟಾಪನ್ನು ಹಿಂದಿನ ಸೀಟಿನಲ್ಲಿ ಇಟ್ಟು, ರೇಷ್ಮೆ ಸೀರೆ ಉಟ್ಟು ಹೊರಟಳು.

ಮನೆಯವರು ಮೊಬೈಲಿಗೆ ಲೊಕೇಶನ್ ಕಳುಹಿಸಿದ್ದರು. ಅದು ರಬ್ಬರ್ ತೋಟದ ನಡುವೆ ದಾರಿಯೇ ಇಲ್ಲದ ಕಡೆ ತೋರಿಸುತ್ತಿತ್ತು. ವಾಮದಪದವು ಪೇಟೆಯಲ್ಲಿ ಕಾರು ನಿಲ್ಲಿಸಿದೆ. ಹೆಂಡತಿ ಇಳಿದು ಅಂಗಡಿಯಲ್ಲಿ ಕೇಳಿ ಬಂದಳು. ಬಂದವಳು ಕಾರು ಹತ್ತುವ ಮೊದಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು: "ಯಾರೂ ಕೇಳುವುದು ಬೇಡ, ನಾನು ಕೇಳಿದ್ದೇನೆ. ಪೇಟೆ ದಾಟಿ ಮುಂದೆ ಬನ್ನಿ. ಎಡಗಡೆ ಎರಡನೇ ಮಣ್ಣಿನ ರಸ್ತೆ. ಇಳಿಜಾರು ಮುಗಿದ ಕೂಡಲೇ ಶಾಮಿಯಾನ ಹಾಕಿದ ಮನೆ."

ನಾವು ಬಂಟ್ವಾಳ ಕಡೆಯಿಂದ ಹೋದವರು. ನಮಗೆ ಮನೆ ಸರಿಯಾಗಿ ಸಿಕ್ಕಿತು. ಬೆಳುವಾಯಿಯವರು, ಅಂದರೆ ಹೆಂಡತಿಯ ಅಕ್ಕ, ಭಾವ ಮತ್ತು ಅವರ ಮನೆಯವರು, ವೇಣೂರು ಕಡೆಯಿಂದ, ನಮ್ಮ ಎದುರು ದಿಕ್ಕಿನಿಂದ ಬರುತ್ತಿದ್ದರು. ಅವರೂ ಪೇಟೆ ದಾಟಿ ಮುಂದೆ ಹೋದರು. ಎಡಗಡೆ ಎರಡನೇ ಮಣ್ಣಿನ ರಸ್ತೆ ಹಿಡಿದರು. ಇಳಿಜಾರು ಇತ್ತು. ಮುಹೂರ್ತದ ದಿನವಾದ್ದರಿಂದ ಶಾಮಿಯಾನವೂ ಇತ್ತು.

ಆ ಮನೆಯಲ್ಲಿ ಏನಾಯಿತು ಎಂಬುದಕ್ಕೆ ನನಗೆ ಅಕ್ಕ ಮತ್ತು ಭಾವ ಇಬ್ಬರ ಹೇಳಿಕೆ ಸಿಕ್ಕಿದೆ. ಎರಡೂ ಹೊಂದುವ ಭಾಗವನ್ನಷ್ಟೇ ಬರೆಯುತ್ತೇನೆ.

ಗೇಟಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕೈ ಮುಗಿದು, "ಬನ್ನಿ, ಬನ್ನಿ, ತಡ ಆಯಿತಲ್ಲ!" ಎಂದರು.

"ರಸ್ತೆ ಹುಡುಕಿ ಸಾಕಾಯಿತು ಮಾರಾಯ್ರೆ," ಎಂದರು ಭಾವ.

ಬೆಲ್ಲ ನೀರು ಬಂತು. ಅಕ್ಕ ಪ್ರೆಷರ್ ಕುಕ್ಕರಿನ ಪೆಟ್ಟಿಗೆಯನ್ನು ಮನೆಯೊಡತಿಯ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡಳು. ಮನೆಯೊಡತಿಯನ್ನು ಅವಳು ಸೋದರಮಾವನ ಮಗಳ ಗಂಡನ ಕಡೆಯ ಯಾರೋ ಎಂದುಕೊಂಡಳು. ಮನೆಯೊಡತಿಯೂ ಅವಳನ್ನು ತನ್ನ ಗಂಡನ ಕಡೆಯ ಯಾರೋ ಎಂದುಕೊಂಡಿದ್ದರಂತೆ. ಭಾವ ದುಬೈಯಲ್ಲಿ ವರ್ಷಗಟ್ಟಲೆ ಹೋಟೆಲು ನಡೆಸಿ ಬಂದವರು, ಈಗ ಮೂಡುಬಿದಿರೆಯಲ್ಲಿ ಒಂದು ನಡೆಸುತ್ತಾರೆ. ಬೇರೆಯವರ ಅಡುಗೆ ಕಂಡರೆ ಕೈಕಟ್ಟಿ ನಿಲ್ಲುವ ಜನ ಅಲ್ಲ. ನೇರ ಹಿಂದಿನ ಚಪ್ಪರಕ್ಕೆ ಹೋಗಿ ಸಾಂಬಾರಿನ ರುಚಿ ನೋಡಿ, ಕೊತ್ತಂಬರಿ ಹುರಿದದ್ದು ಹೆಚ್ಚಾಗಿದೆ ಎಂದರು. ಅಲ್ಲಿಂದ ಬಂದು ಮೆಟ್ಟಿಲು ನೋಡಿದರು.

"ಮೊದಲ ಮೆಟ್ಟಿಲು ಇಷ್ಟು ಎತ್ತರ ಯಾಕೆ? ಮೇಸ್ತ್ರಿ ಹೇಳಿದ ಹಾಗೆ ಬಿಟ್ಟಿರಾ? ನನ್ನನ್ನು ಒಂದು ಮಾತು ಕೇಳಬೇಕಿತ್ತು."

ಮನೆಯ ಯಜಮಾನರು, "ಹೌದು, ಆದರೆ ನಿಮ್ಮ ನಂಬರ್ ಇರಲಿಲ್ಲ ನನ್ನ ಹತ್ತಿರ," ಎಂದರು.

ಭಾವ ನಂಬರ್ ಕೊಟ್ಟರು.

ಇತ್ತ ನಾವು ಮೊದಲ ಸಾಲಿನಲ್ಲಿ ಎಲೆಯ ಮುಂದೆ ಕುಳಿತೆವು. ಬೆಳುವಾಯಿಯವರಿಗೆ ಹಿಡಿದ ಜಾಗ ಖಾಲಿ. ಆಗ ಅಕ್ಕನ ಫೋನು ಬಂತು. ಸ್ಪೀಕರಿನಲ್ಲಿ ಇದ್ದುದರಿಂದ ನಾನು ಪೂರ್ತಿ ಕೇಳಿದೆ.

"ನೀವು ಎಲ್ಲಿ ಮಾರಾಯ್ತಿ? ನಾವು ಊಟಕ್ಕೆ ಕೂತಾಯಿತು," ಎಂದಳು ಅಕ್ಕ.

"ನಾವೂ ಕೂತಾಯಿತು. ನೀವು ಯಾವ ಸಾಲು?" ಎಂದಳು ನನ್ನ ಹೆಂಡತಿ.

"ಮೊದಲ ಸಾಲು."

"ಸುಳ್ಳು ಹೇಳಬೇಡ. ಮೊದಲ ಸಾಲಿನಲ್ಲಿ ನಾವಿದ್ದೇವೆ."

"ಎದ್ದು ನಿಲ್ಲು, ನೋಡುವ."

ಹೆಂಡತಿ ಎದ್ದು ನಿಂತಳು. "ನಿಂತಿದ್ದೇನೆ."

"ನಾನೂ ನಿಂತಿದ್ದೇನೆ. ಕೈ ಎತ್ತು."

ಹೆಂಡತಿ ಕೈ ಎತ್ತಿದಳು. ನಮ್ಮ ಶಾಮಿಯಾನದಲ್ಲಿ ಸಾರು ಬಡಿಸುತ್ತಿದ್ದವರು ಅನ್ನ ಬೇಕೆಂದು ತಿಳಿದು ಅನ್ನದವರನ್ನು ಕರೆದರು. ಅತ್ತ ಅಕ್ಕ ಕೈ ಎತ್ತಿದ್ದಕ್ಕೆ ಅಲ್ಲಿಯೂ ಅನ್ನ ಬಂದಿತಂತೆ.

"ಕಾಣುವುದಿಲ್ಲವಲ್ಲ. ಪಾಯಸ ಯಾವುದು ಮಾಡಿದ್ದಾರೆ ಅಲ್ಲಿ?" ಎಂದಳು ಅಕ್ಕ.

"ಗೋಧಿ ಕಡಿ."

"ಇಲ್ಲಿ ಹೆಸರುಬೇಳೆ."

ಅಕ್ಕ ತಲೆ ಎತ್ತಿ ಸುತ್ತ ನೋಡಿದಳಂತೆ. ಆಮೇಲೆ ಅಕ್ಕ ಸಣ್ಣ ದನಿಯಲ್ಲಿ, "ಅಯ್ಯೋ, ಗೋಡೆಯ ಮೇಲೆ ಇರುವುದು ನಮ್ಮ ಅಜ್ಜನ ಫೋಟೋ ಅಲ್ಲ," ಎಂದಳು.

ನನ್ನ ಹೆಂಡತಿಗೆ ನಗು ಹತ್ತಿತು. ಎರಡು ದಿನದಿಂದ ತಡೆದದ್ದೆಲ್ಲ ಒಟ್ಟಿಗೆ ಬಂದ ಹಾಗೆ ಬೆಂಚು ಹಿಡಿದುಕೊಂಡು ನಕ್ಕಳು. ಪಕ್ಕದವರಿಗೆ ನಾನು ವಿಷಯ ಹೇಳಿದೆ. ಅವರು ಅವರ ಪಕ್ಕದವರಿಗೆ ಹೇಳಿದರು. ನಗು ಸಾಲಿನ ಉದ್ದಕ್ಕೂ ಹೋಗಿ, ತಿರುಗಿ, ಎದುರಿನ ಸಾಲಿಗೆ ದಾಟಿತು. ಪಲ್ಯ ಬಡಿಸುವವರು ಸೌಟು ಹಿಡಿದು ನಿಂತು ನಗುತ್ತಿದ್ದರು.

ಅಷ್ಟರಲ್ಲಿ ಅತ್ತ ಭಾವ ಫೋನು ಕಿತ್ತುಕೊಂಡರು.

"ನಿನಗೆ ಬುದ್ಧಿ ಉಂಟಾ? ನೀನು ಕೇಳಿದ್ದು ನೀನು ನಿಂತ ಜಾಗದಿಂದ. ನಾನು ಬರುವುದು ಆಚೆಯಿಂದ. ನಿನ್ನ ಎಡಗಡೆಯನ್ನು ನನಗೆ ಯಾಕೆ ಹಂಚಿದ್ದು?"

"ಭಾವ, ನೀವು ಅಂಗಡಿಯಲ್ಲಿ ಕೇಳಬಹುದಿತ್ತಲ್ಲ?" ಎಂದಳು, ಕಣ್ಣು ಒರೆಸಿಕೊಳ್ಳುತ್ತಾ.

"ಯಾರೂ ಕೇಳುವುದು ಬೇಡ ಎಂದು ಬರೆದದ್ದು ಯಾರು? ನಿನ್ನ ಅಜ್ಜಿಯಾ? ಲಾಯಿಲದವರು ಬಂದರಾ ಅಲ್ಲಿಗೆ?"

ಬಂದಿದ್ದರು. ಬೆಳ್ತಂಗಡಿಯ ಹತ್ತಿರದ ಲಾಯಿಲದಿಂದ ಬಂದ ಸೋದರತ್ತೆ ನಮ್ಮ ಎದುರಿನ ಸಾಲಿನಲ್ಲಿಯೇ ಕುಳಿತಿದ್ದರು. ಅವರು ಮೂರನೆಯ ರಸ್ತೆಯಿಂದ, ಪುಂಜಾಲಕಟ್ಟೆ ದಾಟಿ ಬಂದವರು. ದಾರಿ ಹೇಗೆ ಸಿಕ್ಕಿತು ಎಂದು ಕೇಳಿದರೆ, "ಹೇಗೆ ಎಂದರೆ? ನನಗೆ ಬಾಯಿ ಇಲ್ಲವಾ? ಅಂಗಡಿಯಲ್ಲಿ ಕೇಳಿದೆ," ಎಂದರು. ವಾಟ್ಸಾಪ್ ಅವರು ನೋಡಿರಲೇ ಇಲ್ಲ.

ಹೆಂಡತಿ ಫೋನು ಕೆಳಗಿಟ್ಟಳು. ನಗು ಮುಖದಲ್ಲಿ ಇತ್ತು, ಗಮನ ಬೇರೆಲ್ಲೋ ಇತ್ತು. "ಒಬ್ಬೊಬ್ಬರೂ ಕೇಳಬೇಕು," ಎಂದಳು. ಪಾಯಸ ಬರುವ ಮೊದಲೇ ಎಲೆ ಮಡಚಿದಳು. ಗೋಧಿ ಕಡಿ ಪಾಯಸವನ್ನು ಅವಳು ಬಿಟ್ಟದ್ದನ್ನು ನಾನು ಅದಕ್ಕಿಂತ ಮೊದಲು ನೋಡಿಲ್ಲ.

ಕಾರಿನಿಂದ ಲ್ಯಾಪ್‌ಟಾಪ್ ತಂದು, ಹೊಸ ಮನೆಯ ಉಗ್ರಾಣದಲ್ಲಿ, ಅಕ್ಕಿ ಮೂಟೆಯ ಮೇಲೆ ಕುಳಿತಳು. ನಾನು ಬಾಗಿಲಲ್ಲಿ ನಿಂತೆ. ಅವಳು ಹೇಳುತ್ತಾ ಹೋದಳು. ಒಂದು ಪ್ರಾಸೆಸ್ ಕೇಳಿ ಪಡೆದ ಅಡ್ರೆಸ್ ಆ ಪ್ರಾಸೆಸ್‌ನ ಕೋಣೆಯದು. ಇನ್ನೊಂದರ ಕೋಣೆಯಲ್ಲಿ ಅದೇ ಸಂಖ್ಯೆಯ ಜಾಗದಲ್ಲಿ ಏನಿದೆಯೋ, ಏನೂ ಇಲ್ಲವೋ. ಪ್ರೋಗ್ರಾಮ್ ಪ್ರತಿ ಸಲ ಶುರುವಾದಾಗಲೂ ಕಂಪ್ಯೂಟರ್ ಭದ್ರತೆಗಾಗಿ ಸಾಮಾನುಗಳನ್ನು ಬೇರೆ ಬೇರೆ ಜಾಗದಲ್ಲಿ ಇಡುತ್ತದೆ. ಆದ್ದರಿಂದ ಲ್ಯಾಬಿನಲ್ಲಿ ಮೊದಲನೆಯದರ ಅಡ್ರೆಸ್ ಹಿಡಿದು ಹೋದ ಉಳಿದವರೆಲ್ಲ ಬೇರೆಯವರ ಮನೆಗೆ ನುಗ್ಗಿದರು.

"ಬೇರೆಯವರ ಮನೆಗೆ ನುಗ್ಗಿದ ಭಾವನಿಗೆ ಊಟ ಸಿಕ್ಕಿತಲ್ಲ?" ಎಂದೆ.

"ಕಂಪ್ಯೂಟರಿಗೆ ಅಷ್ಟು ಮರ್ಯಾದೆ ಗೊತ್ತಿಲ್ಲ," ಎಂದಳು.

"ಹಾಗಾದರೆ ನಮ್ಮ ಮನೆಯಲ್ಲಿ ಓಡಿದ್ದು ಹೇಗೆ?"

ಸ್ವಲ್ಪ ಯೋಚಿಸಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡು ಮತ್ತೆ ನಗಲು ಶುರು ಮಾಡಿದಳು. ಹಿಂದಿನ ವರ್ಷ ತರಗತಿಯಲ್ಲಿ ಅಡ್ರೆಸ್ ಎಂದರೇನು ಎಂದು ತೋರಿಸುವಾಗ, ಓಡಿಸಿದ ಸಲಕ್ಕೊಂದು ಸಂಖ್ಯೆ ಬಂದು, ಬೋರ್ಡಿನ ಮೇಲೆ ಬರೆದದ್ದಕ್ಕೂ ಪರದೆಗೂ ತಾಳೆಯಾಗದೆ ಮಕ್ಕಳು ಗಲಾಟೆ ಮಾಡಿದ್ದರು. ಬೋರ್ಡು ಸುಳ್ಳಾಗಬಾರದು ಎಂದು ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಜಾಗ ಬದಲಿಸುವ ಆ ವ್ಯವಸ್ಥೆಯನ್ನೇ ನಿಲ್ಲಿಸಿಬಿಟ್ಟಿದ್ದಳು. ಅಂದಿನಿಂದ ಆ ಯಂತ್ರದಲ್ಲಿ ನಾಲ್ಕು ಕೋಣೆಗಳಲ್ಲಿಯೂ ನಾಲ್ಕು ಕಪಾಟುಗಳು ಒಂದೇ ಮೂಲೆಯಲ್ಲಿ ಇರುತ್ತಿದ್ದವು. ಯಾರ ಅಡ್ರೆಸ್ ಯಾರಿಗೆ ಕೊಟ್ಟರೂ ನಡೆಯುತ್ತಿತ್ತು.

ನಿಲ್ಲಿಸಿದ್ದನ್ನು ಪುನಃ ಚಾಲೂ ಮಾಡಿದಳು. ಪ್ರೋಗ್ರಾಮ್ ಓಡಿಸಿದಳು. ಅದು ಮೊದಲ ಬಾರಿಗೆ ಆ ಲ್ಯಾಪ್‌ಟಾಪಿನಲ್ಲಿಯೂ ಸತ್ತಿತು.

"ಬಿತ್ತು! ಬಿತ್ತು!" ಎಂದು ಮೂಟೆಯಿಂದ ಎದ್ದು ಕೂಗಿದಳು. ಇಷ್ಟು ಸಂತೋಷದಲ್ಲಿ ಅವಳು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಹೊರಗೆ ಎರಡನೇ ಪಂಕ್ತಿ ಕುಳಿತಿತ್ತು. ಏನು ಬಿತ್ತು ಎಂದು ಮನೆಯ ಯಜಮಾನ, ಮನೆ ಕಟ್ಟಿದ ಮೇಸ್ತ್ರಿ, ಬಡಿಸುವವರು ಓಡಿ ಬಂದರು. ಮೇಸ್ತ್ರಿಯ ಮುಖ ಬಿಳುಚಿತ್ತು. ಮೊದಲು ತಲೆಯ ಮೇಲಿನ ಸಜ್ಜಾ ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಏನೂ ಇಲ್ಲ, ಪ್ರೋಗ್ರಾಮ್ ಬಿತ್ತು," ಎಂದೆ.

"ಅದು ಬಿದ್ದದ್ದು ಒಳ್ಳೆಯದಾ?" ಎಂದರು ಮೇಸ್ತ್ರಿ.

"ತುಂಬಾ ಒಳ್ಳೆಯದು," ಎಂದಳು ಅವಳು.

ಅಡ್ರೆಸ್ ಹಂಚುವ ಸಾಲನ್ನು ತೆಗೆದಳು. ಮೊದಲನೆಯದು ಮಾತ್ರ ಕೇಳಲಿ ಎಂದು ಹಾಕಿದ್ದ ಷರತ್ತನ್ನೂ ತೆಗೆದಳು. ಈಗ ಪ್ರತಿ ಪ್ರಾಸೆಸ್ ತನ್ನ ಶಾಖ, ತೇವ, ಜಾತಿ ಎಲ್ಲಿವೆ ಎಂದು ತಾನೇ ಕೇಳಿಕೊಳ್ಳುತ್ತದೆ. ಓಡಿಸಿದಳು. ಅಂಗಳ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿತು. ಪರದೆ ನೋಡಲು ಬಗ್ಗಿದ ಮೇಸ್ತ್ರಿ, "ಅಡಿಕೆ ಒಣಗಿತು," ಎಂದು ಹೊರಗಿನವರಿಗೆ ಹೇಳಿದರು. ಬಾಗಿಲಲ್ಲಿ ಇಷ್ಟು ಜನ ಸೇರಿದ್ದನ್ನು ನೋಡಿ ಮನೆಯೊಡತಿ ಅಲ್ಲಿಗೇ ಒಂದು ತಟ್ಟೆ ಹೋಳಿಗೆ ಕಳುಹಿಸಿದಳು.

ಬೆಳುವಾಯಿಯವರು ಸ್ವಲ್ಪ ಹೊತ್ತಿನಲ್ಲಿ ಬಂದರು. ಎಲೆಯ ಮುಂದಿನಿಂದ ಎದ್ದು ಹೋಗುವುದುಂಟಾ ಎಂದು ಆ ಮನೆಯವರು ಪೂರ್ತಿ ಊಟ ಮಾಡಿಸಿಯೇ ಬಿಟ್ಟಿದ್ದರು. ಕುಕ್ಕರ್ ಅಲ್ಲಿಯೇ ಉಳಿಯಿತು; ಕೊಟ್ಟದ್ದನ್ನು ಕೇಳುವ ಧೈರ್ಯ ಅಕ್ಕನಿಗೆ ಬರಲಿಲ್ಲ. ಇಲ್ಲಿಯೂ ಅವರನ್ನು ಊಟಕ್ಕೆ ಕೂರಿಸಲಾಯಿತು. ಭಾವ ಎರಡನೇ ಊಟ ಮಾಡುತ್ತಾ ಎರಡೂ ಕಡೆಯ ಸಾಂಬಾರು ಹೋಲಿಸಿದರು. ಉಗ್ರಾಣದ ಸಂಗತಿ ಕೇಳಿ, "ನಾನು ಬೈದದ್ದರಿಂದ ಸರಿಯಾಯಿತು," ಎಂದರು. ಅವರ ಹೋಟೆಲಿನಲ್ಲಿ ಈ ವಿಷಯ ಈಗ, ಭಾವ ಕಾಲೇಜಿನ ಕಂಪ್ಯೂಟರ್ ರಿಪೇರಿ ಮಾಡಿದರು ಎಂಬ ರೂಪದಲ್ಲಿ ಇದೆ. ಹೆಂಡತಿ ಹೇಳುವುದು ಬೇರೆ: ಅಡ್ರೆಸ್ ಹಂಚುವ ಸಾಲಿನ ಮೇಲೆ ಅವಳಿಗೆ ಶನಿವಾರವೇ ಅನುಮಾನ ಇತ್ತು, ಭಾನುವಾರ ಸಂಜೆ ಮನೆಯಲ್ಲಿ ಕುಳಿತಿದ್ದರೆ ಸಿಗುತ್ತಿತ್ತು, ಪಾಯಸವೂ ತಪ್ಪುತ್ತಿರಲಿಲ್ಲ.

ಸೋಮವಾರ ನಾನು ಲ್ಯಾಬಿನಲ್ಲಿ ಇರಲಿಲ್ಲ. ಅವಳು ಮತ್ತು ಅವಳ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಬರೆಯುತ್ತೇನೆ. ನಾಲ್ಕು ಯಂತ್ರಗಳ ಮೇಲೆ ಪ್ರೋಗ್ರಾಮ್ ಮೊದಲ ಸಲಕ್ಕೇ ಓಡಿತು. ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತರು. ಕೋಡನ್ನು ಮೇಲಿನಿಂದ ಕೆಳಗೆ ಓದಿದರು. ಅವರು ಬೆಳ್ತಂಗಡಿಯವರು, ನಮ್ಮ ಕಡೆಯವರೇ.

"ಇದು ಎಲ್ಲ ಪ್ರಾಸೆಸ್‌ಗಳೂ ಹೋಗಿ ಅಡ್ರೆಸ್ ಕೇಳುತ್ತವಲ್ಲ. ಅಷ್ಟು ಯಾಕೆ? ಒಂದು ಕೇಳಿ ಉಳಿದವರಿಗೆ ಹೇಳಿದರೆ ಸಾಕಲ್ಲ?" ಎಂದು ಕೇಳಿದರು.

ಸಹೋದ್ಯೋಗಿಯ ಪ್ರಕಾರ ನನ್ನ ಹೆಂಡತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಕಿಟಕಿಯ ಕಡೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು. ಹೆಂಡತಿಯ ಪ್ರಕಾರ ಅದು ಕೆಮ್ಮು. ಆಮೇಲೆ, "ಸರ್, ಹಾಗೆ ಮಾಡಿದ್ದೂ ಉಂಟು, ತೋರಿಸ್ತೇನೆ," ಎಂದು ಶುಕ್ರವಾರದ ಪ್ರೋಗ್ರಾಮ್ ತೆರೆದು ಓಡಿಸಿದಳು. ಅದು ಸತ್ತಿತು. ಯಾಕೆ ಸತ್ತಿತು ಎಂದು ವಿವರಿಸಿದಳು. ಪ್ರತಿ ಪ್ರಾಸೆಸ್ ಪಡೆದ ಅಡ್ರೆಸ್‌ಗಳನ್ನು ಬೇರೆ ಬೇರೆಯಾಗಿ ಪರದೆಯ ಮೇಲೆ ಹಾಕಿ ತೋರಿಸಿದಳು. ಒಂದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮುಖ್ಯಸ್ಥರು ಮತ್ತೊಮ್ಮೆ ಓಡಿಸಿ ಎಂದರು. ಸಂಖ್ಯೆಗಳೆಲ್ಲ ಬದಲಾದವು. ಇನ್ನೊಮ್ಮೆ ಎಂದರು. ಮತ್ತೆ ಬದಲಾದವು. ಅವರಿಗೆ ಅದು ಇಷ್ಟವಾದಂತೆ ಕಂಡಿತು. ತಾವೇ ಕೀಲಿ ಒತ್ತಿ ಇನ್ನೂ ಕೆಲವು ಸಲ ಓಡಿಸಿದರು.

"ಎಲ್ಲ ಅವರವರೇ ಕೇಳಬೇಕು, ಹಾಗಾದರೆ."

"ಹೌದು ಸರ್."

"ಒಳ್ಳೆಯದುಂಟು. ಇದನ್ನು ಇಡುವ," ಎಂದು ಎದ್ದರು.

ವಿಷಯ ಈ ವರ್ಷದ ವೇಳಾಪಟ್ಟಿಯಲ್ಲಿ ಇದೆ. ಕಳೆದ ಸೋಮವಾರ ಮೊದಲ ತರಗತಿ ನಡೆಯಿತು. ಕುರ್ಚಿ ಸಾಲದೆ ಪಕ್ಕದ ಲ್ಯಾಬಿನಿಂದ ಎರಡು ತರಿಸಿದರು.